ನಾಲ್ಕನೆಯವನು ಯಾಕೆ ನಿಲ್ಲುವುದಿಲ್ಲ?

(ಹೆಸರು, ಊರು, ಗುರುತು ಹಿಡಿಯಬಹುದಾದ ವಿವರ ಎಲ್ಲ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದದ್ದು.)

ಪವನ್‌ಗೆ ಇಪ್ಪತ್ತು ವರ್ಷ. ಬದಿಯಡ್ಕದಿಂದ ಆಚೆ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಬಿ.ಕಾಂ. ಕೊನೆಯ ವರ್ಷ, ಎರಡು ಪೇಪರ್ ಬಾಕಿ. ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅಮ್ಮ.

"ಎಂತ ಮಾಡುದು ಮೇಡಂ, ರಾತ್ರಿ ಹನ್ನೆರಡು ಗಂಟೆಗೆ ಕೋಣೆಯೊಳಗೆ ಬೊಬ್ಬೆ. ಯಾರಿಗೋ ಬೈತಾ ಇರ್ತಾನೆ. ಮೊನ್ನೆ ಮೊಬೈಲನ್ನೇ ಗೋಡೆಗೆ ಎಸೆದ. ಈ ಆಟದ ಹುಚ್ಚೊಂದು ಬಿಡಿಸಿ ಕೊಡಿ."

ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಹುಡುಗನ ಹತ್ತಿರ ಕೇಳಿದೆ, ನಿನ್ನ ಪ್ರಕಾರ ತೊಂದರೆ ಏನು? ಅವನು ಹೇಳಿದ್ದು ಬೇರೆಯೇ ಕಥೆ. "ನಂಗೆ ಹುಚ್ಚೇನೂ ಇಲ್ಲ ಮೇಡಂ. ನಮ್ಮ ಟೀಮಿನಲ್ಲಿ ನಾಲ್ಕನೆಯವನು ನಿಲ್ಲುದೇ ಇಲ್ಲ. ಬರ್ತಾನೆ, ಎರಡು ವಾರ ಆಡ್ತಾನೆ, ಗ್ರೂಪ್ ಬಿಟ್ಟು ಹೋಗ್ತಾನೆ. ಈಗ ಇರುವವನೂ ಹೋಗ್ತಾನೆ ಅಂತ ಕಾಣ್ತದೆ."

ಈ ದೂರನ್ನು ನಾನು ಹಾಗೇ ತೆಗೆದುಕೊಂಡೆ. ನಮ್ಮಲ್ಲಿಗೆ ಬರುವ ಹುಡುಗರು ಆಟದ ಬಗ್ಗೆ ಬಾಯಿ ಬಿಡುವುದೇ ಕಡಿಮೆ. ಒಬ್ಬ ತಾನಾಗಿ ಒಂದು ಪ್ರಶ್ನೆ ಇಟ್ಟರೆ ಅದನ್ನು ಪಕ್ಕಕ್ಕೆ ಸರಿಸಿ "ದಿನಕ್ಕೆ ಎಷ್ಟು ಗಂಟೆ ಆಡ್ತೀಯಾ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಆಟ ಬಿಜಿಎಂಐ, ಮೊಬೈಲಿನಲ್ಲಿ ತಂಡ ಕಟ್ಟಿಕೊಂಡು ಗುಂಡು ಹಾರಿಸುತ್ತಾ ಕೊನೆಯವರೆಗೆ ಉಳಿಯಬೇಕಾದ ಆಟ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ 2021ರಲ್ಲಿ ಬಂದದ್ದು. 2022ರಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ವಾಪಸ್ ಬಂತು. ನಾಲ್ಕು ಜನರ ತಂಡ. ಹಾದಿ ತೋರಿಸಿ ತೀರ್ಮಾನ ತೆಗೆದುಕೊಳ್ಳುವವನು ಐಜಿಎಲ್, ಮುಂದೆ ನುಗ್ಗುವವನು ಅಸಾಲ್ಟರ್, ಬಿದ್ದವರನ್ನು ಎಬ್ಬಿಸಿ ಹಿಂಬದಿ ನೋಡುವವನು ಸಪೋರ್ಟ್. ಪವನ್ ಐಜಿಎಲ್. ರಾತ್ರಿ ಒಂಬತ್ತಕ್ಕೆ ಸ್ಕ್ರಿಮ್ಸ್, ಅಂದರೆ ಟೂರ್ನಮೆಂಟಿನ ಹಾಗೇ ನಡೆಯುವ ಅಭ್ಯಾಸ ಪಂದ್ಯ. ಕಸ್ಟಮ್ ರೂಮಿನ (ಕರೆದವರು ಮಾತ್ರ ಸೇರುವ ಪಂದ್ಯದ) ಐಡಿ, ಪಾಸ್‌ವರ್ಡ್ ಬರುತ್ತದೆ, ತಂಡಕ್ಕೊಂದು ಸ್ಲಾಟ್, ಅಂದರೆ ಜಾಗ.

ಅಮ್ಮ ಹೇಳಿದ "ಹುಚ್ಚು" ಇದೆಯಾ ಅಂತಲೂ ನೋಡಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಚಟಕ್ಕೆ ಈಗ ಜಾಗ ಇದೆ, 2022ರಿಂದ ಅದು ಜಾರಿಯಲ್ಲಿದೆ. ಆದರೆ ಗಂಟೆ ಎಣಿಸಿ ಆ ಹೆಸರು ಕೊಡುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ಓದು, ಸ್ನೇಹ ಎಲ್ಲಕ್ಕಿಂತ ಆಟವೇ ಮೇಲಾಗಿರಬೇಕು. ಹಾನಿ ಆಗ್ತಿದೆ ಅಂತ ಕಂಡರೂ ಬಿಡಲು ಆಗದಿರಬೇಕು. ಸಾಮಾನ್ಯವಾಗಿ ಒಂದು ವರ್ಷ ಹೀಗೆ ಇದ್ದರೆ ಆ ಮಾತು. ಪವನ್ ಬೆಳಗ್ಗೆ ತೋಟಕ್ಕೆ ನೀರು ಬಿಡುತ್ತಾನೆ, ಕಾಲೇಜು ತಪ್ಪಿಸುವುದಿಲ್ಲ, ಅಕ್ಕನ ಮದುವೆಯ ವಾರ ಆಟ ಮುಟ್ಟಿರಲಿಲ್ಲ. ನಿದ್ದೆ ಕೆಟ್ಟಿದೆ, ಸಿಟ್ಟು ಜಾಸ್ತಿಯಾಗಿದೆ, ಪರೀಕ್ಷೆ ಹಿಂದೆ ಬಿದ್ದಿದೆ. ಸರಿಪಡಿಸಬೇಕಾದ್ದು ಇದೆ, ಆದರೆ ಇದು ಆ ರೋಗವಲ್ಲ. ಅಮ್ಮನಿಗೂ ಇದನ್ನೇ ಹೇಳಿದೆ. ಪೂರ್ತಿ ನಂಬಲಿಲ್ಲ.

ಮೊದಲ ಕೆಲಸವಾಗಿ ಅವನ ಅಕ್ಕನಿಗೆ ಒಂದು ಸಹಾಯ ಕೇಳಿದೆ. ಪವನ್ ಕಿವಿಗೆ ಇಯರ್‌ಫೋನ್ ಹಾಕಿ ಆಡುವಾಗ, ಅವನಿಗೆ ಹೇಳಿಯೇ, ಮೇಜಿನ ಮೇಲೆ ಇನ್ನೊಂದು ಫೋನಿಟ್ಟು ಒಂದು ಪಂದ್ಯದ ಧ್ವನಿ ರೆಕಾರ್ಡ್ ಮಾಡಬೇಕು. ಉಳಿದವರ ಮಾತು ಅದರಲ್ಲಿ ಬರುವುದಿಲ್ಲ. ಬರುವುದು ಇವನ ಸ್ವರ ಮಾತ್ರ.

ಮುಂದಿನ ಸಲ ಇಬ್ಬರೂ ಕೂತು ಕೇಳಿದೆವು. ಮೊದಲ ಐದು ನಿಮಿಷ ತಣ್ಣಗಿತ್ತು. ಆಮೇಲೆ ಶುರು. "ಎಲ್ಲಿ ಹೋದೆ ಮಾರಾಯಾ?" "ಅಲ್ಲಿ ಯಾಕೆ ನಿಂತದ್ದು?" "ನಿಂಗೆ ಮಂಡೆ ಉಂಟಾ?" ನಡುವೆ ತುಳುವಿನಲ್ಲಿ "ಅಂಚಿ ತೂಲಾ! ಅಂಚಿ!" (ಆ ಕಡೆ ನೋಡು, ಆ ಕಡೆ!) ಮತ್ತೆ ಒಂದು ದೊಡ್ಡ ಬೈಗುಳ. ಹತ್ತು ಸೆಕೆಂಡ್ ಮೌನ. "ಸತ್ತೆಯಾ? ಸರಿ, ಸಾಯಿ."

ಪವನ್‌ಗೆ ನಾಚಿಕೆಯಾದೀತು ಅಂದುಕೊಂಡಿದ್ದೆ. ಅವನು ಕಣ್ಣು ಸಣ್ಣ ಮಾಡಿ ಮತ್ತೊಂದು ಸಲ ಹಾಕಿ ಕೇಳಿದ. ಆಮೇಲೆ ಹೇಳಿದ, "ಮೇಡಂ, ಇದರಲ್ಲಿ ಶತ್ರು ಎಲ್ಲಿದ್ದಾನೆ ಅಂತ ನಾನು ಒಂದು ಸಲವೂ ಹೇಳಿಲ್ಲ."

ನಿಜ. ಆಟದ ಪರದೆಯ ಮೇಲ್ಭಾಗದಲ್ಲಿ ದಿಕ್ಕಿನ ಅಂಕಿಗಳು ಓಡುತ್ತಿರುತ್ತವೆ. "240, ಇಬ್ಬರು, ಮನೆಯ ಮಾಡಿನ ಮೇಲೆ" ಅಂದರೆ ಕಾಸರಗೋಡಿನವನಿಗೂ ಕೊಲ್ಲಂನವನಿಗೂ ಒಂದೇ ಅರ್ಥ. "ಅಂಚಿ ತೂಲಾ" ಅಂದರೆ ತುಳು ಬಲ್ಲವನಿಗೂ ಎಡಕ್ಕೋ ಬಲಕ್ಕೋ ಗೊತ್ತಾಗದು. ಇಲ್ಲಿ ಇನ್ನೊಂದು ತೊಡಕಿತ್ತು. ಹೊಸ ಹುಡುಗ, ನಿಖಿಲ್ ಅನ್ನೋಣ, ನೀಲೇಶ್ವರದ ಕಡೆಯವನು. ಹದಿನೇಳು ವರ್ಷ, ಪ್ಲಸ್ ಟು. ಮನೆಮಾತು ಮಲಯಾಳ, ತುಳು ಗೊತ್ತಿಲ್ಲ, ಕನ್ನಡ ಅಷ್ಟಕ್ಕಷ್ಟೆ. ಉಳಿದ ಮೂವರು ಒಂದೇ ಶಾಲೆಯಲ್ಲಿ ಕಲಿತವರು. ಆರಾಮವಾಗಿದ್ದಾಗ ಇವನ ಜೊತೆ ಮಲಯಾಳದಲ್ಲೇ ಮಾತಾಡುತ್ತಾರೆ. ಗುಂಡು ಹಾರಲು ಶುರುವಾದರೆ ಮೂವರೂ ತುಳುವಿಗೆ ಇಳಿಯುತ್ತಾರೆ. ಆಗ ನಿಖಿಲ್‌ಗೆ ಅರ್ಥವಾಗುವುದು ತನ್ನ ಹೆಸರು ಮತ್ತು ಬೈಯುವ ಸ್ವರ, ಎರಡೇ. ಹೋದ ಮೂರು ಹುಡುಗರಲ್ಲಿ ಇಬ್ಬರು ಕಾಞಂಗಾಡಿನಿಂದ ದಕ್ಷಿಣದವರು, ತುಳು ಬಾರದವರು ಅಂತ ಪವನ್‌ಗೆ ಆ ದಿನವೇ ನೆನಪಾದದ್ದು.

ಅಪ್ಪನನ್ನೂ ಒಂದು ದಿನ ಕರೆಸಿದೆ. ಆಟ ಅಂದರೆ ಅವರ ಮಟ್ಟಿಗೆ ವಾಲಿಬಾಲ್. ಊರಿನ ಯುವಕ ಸಂಘದ ಟೀಮಿನಲ್ಲಿ ಆಡಿದವರು. ಹೊಸ ಹುಡುಗ ಬಂದರೆ ನೀವೆಲ್ಲ ಏನು ಮಾಡ್ತಿದ್ರಿ ಅಂತ ಕೇಳಿದೆ. "ಮೊದಲು ಬಾಲ್ ಹೆಕ್ಕಿ ಕೊಡುದು. ಮತ್ತೆ ಹಿಂದೆ ನಿಲ್ಲಿಸುದು. ತಪ್ಪಿದ್ರೆ ಬೈತಿದ್ದೆವು, ಜೋರೇ ಬೈತಿದ್ದೆವು. ಆದ್ರೆ ಆಟ ಮುಗಿದ ಮೇಲೆ ಅವನನ್ನೇ ಹೋಟೆಲಿಗೆ ಕರ್ಕೊಂಡು ಹೋಗಿ ಗೋಳಿಬಜೆ ತೆಗೆಸಿ ಕೊಡ್ತಿದ್ದೆವು." ಪವನ್ ಪಕ್ಕದಲ್ಲೇ ಕೂತಿದ್ದ. ಈ ಒಂದು ಮಾತು ನನ್ನ ಅರ್ಧ ಕೆಲಸ ಮಾಡಿತು. ಆನ್‌ಲೈನಿನಲ್ಲಿ ಬೈಗುಳ ಮಾತ್ರ ಇದೆ, ಗೋಳಿಬಜೆ ಇಲ್ಲ. ಪಂದ್ಯ ಮುಗಿದ ಕೂಡಲೇ ಮೈಕ್ ಬಂದ್. ಬೈಸಿಕೊಂಡವನು ಆ ಕೊನೆಯ ಮಾತನ್ನೇ ಕಟ್ಟಿಕೊಂಡು ಮಲಗುತ್ತಾನೆ.

ಸಲಹೆಗಳನ್ನು ಒಂದೇ ಸಲ ಕೊಡಲಿಲ್ಲ. ಮೊದಲು ಹೇಳಿದ್ದು ಇಷ್ಟು: ಪಂದ್ಯ ನಡೆಯುವಾಗ ಯಾರ ತಪ್ಪಿನ ಬಗ್ಗೆಯೂ ಮಾತಿಲ್ಲ. ದಿಕ್ಕಿನ ಅಂಕಿ, ಎಷ್ಟು ಜನ, ಎಲ್ಲಿ, ಅಷ್ಟೇ. ಹಿಂದೆ ಬಾ, ಹೊಗೆ ಹಾಕು, ಎಬ್ಬಿಸು, ಇಂಥ ಹತ್ತು ಹನ್ನೆರಡು ಕರೆಗಳಿಗೆ ನಾಲ್ವರೂ ಒಪ್ಪುವ ಒಂದೊಂದು ಶಬ್ದ ಗೊತ್ತು ಮಾಡಿಕೊಳ್ಳಿ, ಯಾವ ಭಾಷೆಯದಾದರೂ ಆಗಲಿ. ಬೈಯಬೇಕು ಅನ್ನಿಸಿದರೆ ಮೈಕ್ ಬಂದ್ ಮಾಡಿ ಗೋಡೆಗೆ ಬೈ. (ಎಸೆಯಬೇಡ, ಬೈ ಮಾತ್ರ.) ಪಂದ್ಯ ಮುಗಿದ ಮೇಲೆ ಹತ್ತು ನಿಮಿಷ ಮೈಕ್ ತೆರೆದೇ ಇರಬೇಕು. ಮೊದಲು ಮಾತಾಡುವುದು ಕ್ಯಾಪ್ಟನ್, ಅದೂ ತನ್ನದೇ ತಪ್ಪು. ಆಮೇಲೆ ಒಬ್ಬೊಬ್ಬರಿಗೆ ಒಂದೇ ವಿಷಯ. ಹೊಸಬನಿಗೆ ಏಳು ತಪ್ಪು ಪಟ್ಟಿ ಮಾಡಿ ಹೇಳಿದರೆ ಮರುದಿನ ಅವನು ಏಳನ್ನೂ ನೆನೆದು ಎಂಟನೆಯದು ಮಾಡುತ್ತಾನೆ.

ಎರಡನೆಯದು, ಹೊಸಬನಿಗೆ ಒಂದೇ ಕೆಲಸ. ಇವರು ನಿಖಿಲ್‌ನನ್ನು ಬಂದ ದಿನವೇ ಅಸಾಲ್ಟರ್ ಮಾಡಿದ್ದರು, ಅವನ ಗುರಿ ಒಳ್ಳೇದು ಅಂತ. ಗುರಿ ಒಳ್ಳೇದಿದ್ದರೆ ಸಾಲದು, ಯಾವಾಗ ನುಗ್ಗಬೇಕು ಅನ್ನೋದು ಉಳಿದ ಮೂವರ ನಡೆ ಗೊತ್ತಿದ್ದವನಿಗೆ ಮಾತ್ರ ಸಾಧ್ಯ. ಒಂದು ತಿಂಗಳು ಅವನನ್ನು ಸಪೋರ್ಟ್ ಆಗಿ ಇಡು ಅಂದೆ. ಹಿಂಬದಿ ನೋಡುವುದು, ಬಿದ್ದವನ ಮುಂದೆ ಹೊಗೆ ಎಸೆದು ಎಬ್ಬಿಸುವುದು. ಎಷ್ಟು ಫಿನಿಶ್ ಮಾಡಿದೆ, ಅಂದರೆ ಎಷ್ಟು ಶತ್ರುಗಳನ್ನು ಮುಗಿಸಿದೆ ಅಂತ ಅವನ ಹತ್ತಿರ ಕೇಳಲೇಬಾರದು. ಪವನ್ ಇದಕ್ಕೆ ಒಪ್ಪಲು ತಡ ಮಾಡಿದ. ಫಿನಿಶ್ ಇಲ್ಲದೆ ಪಾಯಿಂಟ್ ಹೇಗೆ ಅಂತ ವಾದ. ದೊಡ್ಡ ಟೂರ್ನಮೆಂಟುಗಳ ಲೆಕ್ಕವನ್ನು ಅವನೇ ಹಾಳೆಯಲ್ಲಿ ಬರೆದು ತೋರಿಸಿದ: ಮೊದಲ ಸ್ಥಾನಕ್ಕೆ 10, ಎರಡನೆಯದಕ್ಕೆ 6, ಮೂರಕ್ಕೆ 5, ನಾಲ್ಕಕ್ಕೆ 4, ಐದಕ್ಕೆ 3, ಆರಕ್ಕೆ 2, ಏಳು ಎಂಟಕ್ಕೆ ಒಂದೊಂದು. ಒಂದು ಫಿನಿಶ್‌ಗೆ 1. ಹಾಗಾದರೆ, ನಾಲ್ಕರಲ್ಲಿ ಒಬ್ಬನನ್ನು ಎಬ್ಬಿಸಿ ಕೊನೆಯ ಮೂರು ತಂಡಗಳೊಳಗೆ ಉಳಿದರೆ ಅದೇ ಐದು ಫಿನಿಶ್‌ಗೆ ಸಮ ಅಲ್ವಾ ಅಂತ ಕೇಳಿದೆ. ಅವನು ಹಾಳೆ ಮಡಚಿ ಕಿಸೆಗೆ ಹಾಕಿಕೊಂಡ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಹಿಂದಿನ ಒಬ್ಬ ಹುಡುಗನನ್ನು ಇವರು ಒಂದು ಮಾತೂ ಹೇಳದೆ ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದರು. ಪವನ್‌ಗೂ ಬೇರೆ ಟೀಮಿನಲ್ಲಿ ಹಾಗೇ ಆಗಿತ್ತು, ಅದನ್ನು ಹೇಳುವಾಗ ಈಗಲೂ ಅವನ ಗಂಟಲು ಬಿಗಿಯುತ್ತದೆ. ಹೊಸಬ ಬಂದ ದಿನವೇ ಹೇಳಿಬಿಡಬೇಕು: ಆಡಿಸಿ ನೋಡುವುದು ಎಷ್ಟು ದಿನ, ನಾವು ಏನು ನೋಡುತ್ತೇವೆ, ಜಾಗ ಖಾಯಂ ಇದೆಯಾ ಇಲ್ಲವಾ. ಬೇಡ ಅನ್ನಿಸಿದರೆ ಫೋನ್ ಮಾಡಿ ಕಾರಣ ಹೇಳಿ ಕಳಿಸಬೇಕು. ತಂಡ ಸೇರಲು ಹೊರಟ ಹುಡುಗರಿಗೂ ನಾನು ಹೇಳುವುದು ಇದನ್ನೇ. ಇಷ್ಟನ್ನೂ ಮೊದಲೇ ಕೇಳಿ. ಕೇಳಿದ್ದಕ್ಕೆ ನಗುವ ಟೀಮಾದರೆ ಅಲ್ಲಿಂದ ಎದ್ದು ಬನ್ನಿ. ಕೋಚ್ ಮಾಡ್ತೇನೆ ಅಂತ ಅಕೌಂಟಿನ ಪಾಸ್‌ವರ್ಡ್ ಕೇಳುವವನಿಗೆ ಕೊಡಬೇಡಿ. ಗುರುತಿಲ್ಲದವರು ಮೈಕಿನಲ್ಲಿ ಹೊಲಸು ಮಾತಾಡಿದರೆ ಉತ್ತರ ಕೊಡಲು ಹೋಗದೆ ಮ್ಯೂಟ್ ಮಾಡಿ, ರಿಪೋರ್ಟ್ ಮಾಡಿ.

ನಿಖಿಲ್ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತದ್ದು ಒಂದು ಕಡೆ. 2023ರಲ್ಲಿ ವಾಪಸ್ ಬಂದ ಮೇಲೆ ಬಿಜಿಎಂಐನಲ್ಲಿ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ, ದೊಡ್ಡವರಿಗೆ 6. ಮನೆಯವರ ಒಪ್ಪಿಗೆಯೂ ಬೇಕು. ಇವರು ಅವನಿಗೆ ಪವನ್‌ನ ಹಳೆ ಅಕೌಂಟ್ ಕೊಟ್ಟು ಮಿತಿ ದಾಟಿಸುತ್ತಿದ್ದರು. ಅದು ಅವತ್ತೇ ನಿಲ್ಲಬೇಕು ಅಂದೆ. ಅವನದೇ ಅಕೌಂಟ್, ಅವನ ಮನೆಯವರಿಗೆ ಗೊತ್ತಿದ್ದು. ಪವನ್ ತಾನೇ ನಿಖಿಲ್‌ನ ಅಮ್ಮನಿಗೆ ಫೋನ್ ಮಾಡಿ "ಚೇಚಿ, ಹತ್ತೂವರೆಗೆ ನಿಲ್ಲಿಸ್ತೇವೆ" ಅಂತ ಒಪ್ಪಿಸಿದ. ಇದರಿಂದ ಎಲ್ಲರಿಗೂ ನಿದ್ದೆ ಸಿಕ್ಕಿತು. ರಾತ್ರಿಗೆ ಮೂರು ಪಂದ್ಯ. ಎರಡು ಸಾಲಾಗಿ ಕೆಟ್ಟರೆ ಮೂರನೆಯದು ಇಲ್ಲ. ಸೋತ ಸಿಟ್ಟಿನಲ್ಲಿ ಆಡುವ ಪಂದ್ಯದಲ್ಲೇ ಮೊಬೈಲ್ ಗೋಡೆಗೆ ಹೋಗುವುದು.

ದುಡ್ಡಿನ ವಿಷಯ ತಂದದ್ದು ಅಪ್ಪ. ನೆರೆಮನೆಯ ಒಬ್ಬರು ಆನ್‌ಲೈನ್ ರಮ್ಮಿಯಲ್ಲಿ ಕಳೆದುಕೊಂಡದ್ದನ್ನು ನೋಡಿ ಅವರಿಗೆ ಎರಡೂ ಒಂದೇ ಅನ್ನಿಸಿತ್ತು. ಹಣ ಹಾಕಿ ಹಣ ಗೆಲ್ಲುವ ಆಟಗಳನ್ನು 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ, ಇ-ಸ್ಪೋರ್ಟ್ಸನ್ನು (ಪೈಪೋಟಿಗೆ ಆಡುವ ವಿಡಿಯೋ ಆಟಗಳನ್ನು) ಅದೇ ಕಾನೂನು ಬೇರೆಯಾಗಿ ಗುರುತಿಸುತ್ತದೆ ಅಂತ ವಿವರಿಸಿದೆ. ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಇ-ಸ್ಪೋರ್ಟ್ಸಿಗೆ ಪದಕ ಇತ್ತು ಅಂದಾಗ ಅವರು ಮಗನನ್ನು ಸ್ವಲ್ಪ ಬೇರೆ ಥರ ನೋಡಿದರು. ಆದರೆ ಪವನ್‌ಗೆ ಎಚ್ಚರಿಕೆ ಬೇಕಿತ್ತು. ಯಾರೋ ಗುರುತಿಲ್ಲದವನ ಗ್ರೂಪಿಗೆ ಯುಪಿಐಯಲ್ಲಿ ಸ್ಲಾಟ್ ದುಡ್ಡು ಹಾಕಿ, ಬಹುಮಾನ ಬಂದಿದೆ ಪ್ರೊಸೆಸಿಂಗ್ ಫೀಸ್ ಕಳಿಸಿ ಅಂದದ್ದಕ್ಕೂ ಹಾಕಿದ್ದ. ಬಹುಮಾನ ಕೊಡುವವನು ನಿನ್ನಿಂದ ಯಾಕೆ ದುಡ್ಡು ಕೇಳುತ್ತಾನೆ? ಇನ್ನು ಮುಂದೆ ದುಡ್ಡು ಕೇಳುವ ಯಾವುದಕ್ಕೂ ಅಕ್ಕನಿಗೆ ತೋರಿಸದೆ ಸೇರುವುದಿಲ್ಲ ಅಂತ ಆಯಿತು.

ಎಲ್ಲರಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. ಊಟ, ಶಾಲೆ ಬಿಟ್ಟು ಆಡುವ, ಫೋನ್ ತೆಗೆದರೆ ಕೈ ಮಾಡುವ, ಬದುಕು ಬೇಡ ಅನ್ನುವ ಮಕ್ಕಳನ್ನು ನಾನು ಮನೋವೈದ್ಯರಲ್ಲಿಗೆ ಕಳಿಸುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು 'ಶಟ್' ಕ್ಲಿನಿಕ್ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡಿಲ್ಲ.

ಪವನ್ ಈಗಲೂ ಆಗಾಗ ಬರುತ್ತಾನೆ. ಎರಡು ಪೇಪರಿನಲ್ಲಿ ಒಂದು ಪಾಸಾಗಿದೆ, ಇನ್ನೊಂದು ಹಾಗೇ ಇದೆ. ಬೊಬ್ಬೆ ಕಡಿಮೆಯಾಗಿದೆ ಅಂತ ಅಮ್ಮ, ಪೂರ್ತಿ ನಿಂತಿಲ್ಲ ಅಂತಲೂ ಅಮ್ಮನೇ. ತಂಡ ದೊಡ್ಡದೇನೂ ಗೆದ್ದಿಲ್ಲ. ಆದರೆ ನಿಖಿಲ್ ಉಳಿದಿದ್ದಾನೆ. ಪಂದ್ಯ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ ಈಗ ಜಾಸ್ತಿ ಮಾತಾಡುವವನು ಅವನೇ ಅಂತೆ. ಹಿಂದೆ ನಿಂತವನಿಗೆ ಎಲ್ಲರ ತಪ್ಪೂ ಕಾಣುತ್ತದೆ ನೋಡಿ.

ಮಾರ್ಚಿನಲ್ಲಿ ನಿಖಿಲ್‌ಗೆ ಪ್ಲಸ್ ಟು ಪರೀಕ್ಷೆ. ಆ ತಿಂಗಳಿಗೆಂದು ಒಬ್ಬನನ್ನು ಹುಡುಕುತ್ತಿದ್ದಾರೆ. ಬರುವವನಿಗೆ ಇದು ಒಂದೇ ತಿಂಗಳ ಜಾಗ ಅಂತ ಹೇಳಿದ್ದೀಯಾ ಅಂತ ಕೇಳಿದೆ. "ಮೊದಲ ಮೆಸೇಜಿನಲ್ಲೇ ಬರೆದು ಹಾಕಿದ್ದೇನೆ ಮೇಡಂ" ಅಂದ. ಇಬ್ಬರು ಕೇಳಿಕೊಂಡು ಬಂದಿದ್ದಾರಂತೆ.