ಸಂಪರ್ಕ ಪುಟದಲ್ಲಿ ಮನೆಯ ವಿಳಾಸ ಹಾಕಬೇಕೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಸೇರಿ ಹಲಸಿನ ಹಪ್ಪಳ, ಮಾಂಬಳ, ಉಪ್ಪಿನಕಾಯಿ ತಯಾರಿಸಿ ಮಾರುತ್ತೇವೆ. ಅಕ್ಕನ ಮಗ ಒಂದು ಜಾಲತಾಣ ಮಾಡಿಕೊಟ್ಟಿದ್ದಾನೆ. ಬೆಂಗಳೂರು, ಮುಂಬಯಿಯವರು ಅದನ್ನು ನೋಡಿ ವಿಚಾರಿಸುತ್ತಾರೆ, ಆದರೆ ಹಣ ಕಳುಹಿಸುವ ಹೊತ್ತಿಗೆ ಹಿಂದೆ ಸರಿಯುತ್ತಾರೆ. ಸಂಪರ್ಕ ಪುಟದಲ್ಲಿ ಈಗ ಒಂದು ಫಾರ್ಮ್ ಮಾತ್ರ ಇದೆ. ವಿಳಾಸ, ಮೊಬೈಲ್ ಸಂಖ್ಯೆ ಹಾಕಿದರೆ ಅಪರಿಚಿತರ ಕಾಟ ಶುರುವಾದೀತೆಂದು ಮನೆಯವರು ಬೇಡವೆನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಪೆರ್ಲ

ಉತ್ತರ: ಮನೆಯವರ ಆತಂಕ ಸಹಜವೇ. ಆದರೆ ತಾವು ಮಾರುವ ಹಪ್ಪಳದ ಪ್ಯಾಕೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ. ಪ್ಯಾಕ್ ಮಾಡಿದ ಆಹಾರದ ಲೇಬಲ್ಲಿನ ಮೇಲೆ ತಯಾರಕರ ಹೆಸರು, ಪೂರ್ಣ ವಿಳಾಸ ಮತ್ತು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೀಡಿದ ಸಂಖ್ಯೆ ಇರಬೇಕೆಂದು ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ದೂರಿದ್ದರೆ ಯಾರನ್ನು ಕೇಳಬೇಕೋ ಅವರ ದೂರವಾಣಿ ಸಂಖ್ಯೆ ಮತ್ತು ಇ-ಮೇಲ್ ಕೂಡ ಇರಬೇಕೆಂದು ಪ್ಯಾಕ್ ಮಾಡಿದ ಸರಕುಗಳಿಗೆ ಸಂಬಂಧಿಸಿದ 2011ರ ತೂಕ ಮತ್ತು ಅಳತೆಯ ನಿಯಮಗಳು ವಿಧಿಸುತ್ತವೆ. ಹೀಗಿರುವಾಗ ಬದಿಯಡ್ಕದ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಕೊಂಡವರ ಕೈಗೂ ಸಿಗುವ ವಿಳಾಸವನ್ನು ಜಾಲತಾಣದಲ್ಲಿ ಮಾತ್ರ ಮುಚ್ಚಿಟ್ಟರೆ ತಮಗೆ ರಕ್ಷಣೆ ದೊರೆಯುವುದಿಲ್ಲ, ದೂರದ ಗ್ರಾಹಕರ ಮನಸ್ಸಿನಲ್ಲಿ ಸಂಶಯವಷ್ಟೇ ಹುಟ್ಟುತ್ತದೆ. ಹಪ್ಪಳ ಪುಡಿಯಾಗಿ ಬಂದರೆ ಯಾರನ್ನು ಕೇಳುವುದು ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕುವುದು ಸಂಪರ್ಕ ಪುಟದಲ್ಲಿ. ಅಲ್ಲಿ ಬರಿಯ ಫಾರ್ಮ್ ಕಂಡರೆ ಮುಚ್ಚಿದ ಬಾಗಿಲಿನ ಅಡಿಯಿಂದ ಚೀಟಿ ತೂರಿಸಿದಂತಾಗುತ್ತದೆ. ಒಳಗೆ ಯಾರಾದರೂ ಇದ್ದಾರೆಯೇ ಎಂಬುದೇ ತಿಳಿಯದು.

ಕಾಟದ ವಿಷಯಕ್ಕೆ ಬೇರೆ ದಾರಿಯಿದೆ. ಮನೆಬಳಕೆಯ ಸಂಖ್ಯೆಯನ್ನು ಕೊಡದೆ ವ್ಯಾಪಾರಕ್ಕೆಂದೇ ಒಂದು ಸಿಮ್ ತೆಗೆದುಕೊಂಡು, ಅದಕ್ಕೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಕೆಲಸದ ಸಮಯವನ್ನು ಅದರಲ್ಲಿ ನಮೂದಿಸಿ, ಆ ಸಮಯದ ಹೊರಗೆ ಬಂದ ಸಂದೇಶಗಳಿಗೆ ತಾನಾಗಿಯೇ ಉತ್ತರ ಹೋಗುವಂತೆ ಮಾಡಬಹುದು. ‘ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆ ಮಾಡಬಹುದು, ಭಾನುವಾರ ರಜೆ’ ಎಂದು ಪುಟದಲ್ಲಿಯೂ ಬರೆಯಿರಿ. ಬರೆದ ಮೇಲೆ ಆ ಸಮಯದಲ್ಲಿ ಫೋನ್ ಎತ್ತಲೇಬೇಕು. ಹಪ್ಪಳ ಒಣಗಿಸುವ ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ಫೋನ್ ಕೈಯಲ್ಲಿ ಹಿಡಿಯಲಾಗದೆಂದಾದರೆ ಆ ಹೊತ್ತನ್ನು ಬಿಟ್ಟೇ ಬರೆಯಿರಿ. ಎರಡೇ ಗಂಟೆಯ ಸಮಯ ಕೊಟ್ಟು ಅದನ್ನು ಪಾಲಿಸಿದರೂ ಸಾಕು.

ಇನ್ನು, ಹಣ ಕಳುಹಿಸುವ ಹೊತ್ತಿಗೇ ಗ್ರಾಹಕರು ಹಿಂದೆ ಸರಿಯುತ್ತಾರೆ ಎಂದು ತಾವು ಬರೆದಿರುವುದು ನನಗೆ ಮುಖ್ಯವಾಗಿ ಕಂಡಿತು. ಯುಪಿಐ ಮೂಲಕ ಹಣ ಕಳುಹಿಸುವಾಗ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಜಾಲತಾಣದಲ್ಲಿ ಉತ್ಪನ್ನದ ಹೆಸರೊಂದು, ಪರದೆಯ ಮೇಲೆ ತಮ್ಮ ಪತಿಯದೋ ಅಕ್ಕನ ಮಗನದೋ ಹೆಸರು ಕಂಡರೆ, ಮೋಸದ ಸುದ್ದಿಗಳನ್ನು ನಿತ್ಯವೂ ಓದುವ ಮನುಷ್ಯ ಅಲ್ಲಿಯೇ ನಿಲ್ಲುತ್ತಾನೆ, ಅದು ಅವನ ಜಾಣತನವೂ ಹೌದು. ವ್ಯಾಪಾರದ ಹೆಸರಿನಲ್ಲಿಯೇ ಚಾಲ್ತಿ ಖಾತೆ ತೆರೆಯುವುದು ಒಳ್ಳೆಯದು. ಅದು ಆಗುವವರೆಗೆ ‘ಪಾವತಿಯ ವೇಳೆ ಇಂಥವರ ಹೆಸರು ಕಾಣಿಸುತ್ತದೆ, ಇವರು ನಮ್ಮ ಘಟಕದ ಪಾಲುದಾರರು’ ಎಂದು ಇರುವ ಸಂಗತಿಯನ್ನು ಸಂಪರ್ಕ ಪುಟದಲ್ಲಿ ಮೊದಲೇ ತಿಳಿಸಿಬಿಡಿ. ಫೋನ್ ಸಂಖ್ಯೆ ಇದೊಂದೇ, ಬೇರೆ ಯಾವ ಸಂಖ್ಯೆಯಿಂದಲೂ ನಾವು ಹಣ ಕೇಳುವುದಿಲ್ಲ ಎಂಬ ಸಾಲೂ ಅದರ ಕೆಳಗಿರಲಿ.

ನಮ್ಮ ಗಡಿನಾಡಿಗೆ ಮಾತ್ರ ಅನ್ವಯಿಸುವ ತೊಡಕು ಇನ್ನೊಂದಿದೆ. ಜಾಲತಾಣ ಕನ್ನಡದಲ್ಲಿದ್ದು ವಿಳಾಸದಲ್ಲಿ ‘ಕೇರಳ’ ಎಂದಿರುವುದನ್ನು, ಪಿನ್‌ಕೋಡ್ 671ರಿಂದ ಆರಂಭವಾಗುವುದನ್ನು ಕಂಡು ಬೆಂಗಳೂರಿನವರು ಏನೋ ಎಡವಟ್ಟಾಗಿದೆಯೆಂದು ಭಾವಿಸುವುದುಂಟು. ಜಿಎಸ್‌ಟಿ ನೋಂದಣಿ ಇದ್ದರೆ ಕೇರಳದ ಸಂಖ್ಯೆ 32ರಿಂದ ಶುರುವಾಗುತ್ತದೆ, ಕರ್ನಾಟಕದ್ದು 29ರಿಂದ. ಇದನ್ನು ಬಲ್ಲವರಿಗೂ ಅದೇ ಅನುಮಾನ. ‘ನಾವು ಕೇರಳ ರಾಜ್ಯದ ಕಾಸರಗೋಡು ಜಿಲ್ಲೆಯ ಕನ್ನಡಿಗರು, ಇಲ್ಲಿಂದಲೇ ಪಾರ್ಸೆಲ್ ಹೊರಡುತ್ತದೆ’ ಎಂಬ ಒಂದು ವಾಕ್ಯ ಸಾಕು. ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಸಂಖ್ಯೆಯನ್ನೂ ಜೊತೆಗೆ ಕೊಡಿ. ಅದನ್ನು ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದಾದ್ದರಿಂದ, ಹತ್ತು ಹೊಗಳಿಕೆಯ ಮಾತುಗಳಿಗಿಂತ ಅದರ ತೂಕ ಹೆಚ್ಚು.

ಸ್ವಂತ ಜಾಲತಾಣದ ಮೂಲಕ ನಿಯಮಿತವಾಗಿ ಮಾರುವವರಿಗೆ 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳೂ ಅನ್ವಯಿಸುತ್ತವೆ. ವ್ಯಾಪಾರದ ಕಾನೂನುಬದ್ಧ ಹೆಸರು, ವಿಳಾಸ, ಇ-ಮೇಲ್, ದೂರವಾಣಿ, ದೂರು ವಿಚಾರಿಸುವವರ ಹೆಸರು ಮತ್ತು ಹುದ್ದೆ ಗ್ರಾಹಕರಿಗೆ ಕಾಣುವಂತಿರಬೇಕು; ದೂರು ಬಂದ 48 ಗಂಟೆಗಳೊಳಗೆ ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇಬ್ಬರೇ ನಡೆಸುವ ಘಟಕದಲ್ಲಿ ಆ ಹೊಣೆ ತಮ್ಮಿಬ್ಬರಲ್ಲಿ ಒಬ್ಬರದು. ಪುಡಿಯಾದ ಹಪ್ಪಳದ ಫೋಟೋ ಕಳುಹಿಸಿದರೆ ಬದಲಿ ಕಳುಹಿಸುತ್ತೀರೋ ಹಣ ಮರಳಿಸುತ್ತೀರೋ ಎಂಬುದನ್ನು ಅತ್ತೆಯವರೊಡನೆ ಕುಳಿತು ತೀರ್ಮಾನಿಸಿ, ಅದನ್ನು ಅದೇ ಪುಟದಲ್ಲಿ ಬರೆಯಿರಿ.

ಪ್ರಶ್ನೆ: ಕುಂಬಳೆಯಲ್ಲಿ ಮದುವೆ, ಕೋಲ, ಉತ್ಸವಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತೇವೆ. ಜಾಲತಾಣದ ಫಾರ್ಮ್ ತುಂಬಿಸಿದ್ದೇವೆ, ನೀವು ತಿರುಗಿ ನೋಡಲಿಲ್ಲ ಎಂದು ಕೆಲವರು ಬೇಸರಿಸಿಕೊಂಡರು. ನಮಗೆ ಯಾವ ಮೇಲ್ ಕೂಡ ಬಂದಿಲ್ಲ.
– ಓದುಗರು, ಕುಂಬಳೆ

ಉತ್ತರ: ಮೊದಲು ತಮ್ಮ ಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಹುಡುಕಿ. ಅಲ್ಲಿಯೂ ಇಲ್ಲವಾದರೆ ಇಂಥ ಫಾರ್ಮ್‌ಗಳಲ್ಲಿ ಬಹಳ ಸಾಮಾನ್ಯವಾದ ಒಂದು ತಪ್ಪು ನಡೆದಿರುವ ಸಾಧ್ಯತೆ ಹೆಚ್ಚು. ಫಾರ್ಮ್ ತುಂಬಿದವರ ಜಿಮೇಲ್ ವಿಳಾಸವನ್ನೇ ‘ಕಳುಹಿಸಿದವರು’ ಎಂದು ತೋರಿಸಿ ತಮ್ಮ ಜಾಲತಾಣದ ಸರ್ವರ್ ಮೇಲ್ ರವಾನಿಸುತ್ತದೆ. ಆ ಮೇಲ್ ನಿಜವಾಗಿ ಜಿಮೇಲ್‌ನಿಂದ ಹೊರಟದ್ದಲ್ಲವಾದ್ದರಿಂದ ಪಡೆಯುವ ಕಡೆಯಲ್ಲಿ ಅದನ್ನು ನಕಲಿಯೆಂದು ತಡೆಯುತ್ತಾರೆ. ‘ಕಳುಹಿಸಿದವರು’ ಜಾಗದಲ್ಲಿ ತಮ್ಮದೇ ಡೊಮೈನ್‌ನ (ಜಾಲತಾಣದ ಹೆಸರಿನ) ವಿಳಾಸವಿದ್ದು, ಉತ್ತರ ಹೋಗಬೇಕಾದ ಜಾಗದಲ್ಲಿ ಮಾತ್ರ ಗ್ರಾಹಕರ ವಿಳಾಸ ಇರುವಂತೆ ಬದಲಿಸಿಕೊಡಲು ಜಾಲತಾಣ ಮಾಡಿದವರಿಗೆ ಹೇಳಿ. ಮೇಲ್ ನಿಜವಾಗಿ ಆ ಡೊಮೈನ್‌ನಿಂದಲೇ ಬಂದದ್ದೆಂದು ಪರಿಶೀಲಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಡೊಮೈನ್‌ಗೆ ಸೇರಿಸಲಾಗಿದೆಯೇ ಎಂದೂ ಕೇಳಿ. 2024ರ ಫೆಬ್ರುವರಿಯಿಂದ ಜಿಮೇಲ್ ಇವುಗಳಲ್ಲಿ ಒಂದಾದರೂ ಇರಲೇಬೇಕೆಂದು ಕಡ್ಡಾಯ ಮಾಡಿದೆ.

ಫಾರ್ಮ್ ಕಳುಹಿಸಿದ ಕೂಡಲೇ ‘ನಿಮ್ಮ ಕೋರಿಕೆ ತಲುಪಿದೆ, ನಾಳೆ ಸಂಜೆಯೊಳಗೆ ಕರೆ ಮಾಡುತ್ತೇವೆ’ ಎಂಬ ಸಾಲು ಕಾಣಿಸಬೇಕು. ಕೇಳುವ ವಿವರಗಳು ಹೆಸರು, ಫೋನ್, ಕಾರ್ಯಕ್ರಮದ ದಿನಾಂಕ, ಊರು ಇಷ್ಟಕ್ಕೇ ನಿಲ್ಲಲಿ. ಶಾಮಿಯಾನ ಬೇಕೆಂದವರ ಹುಟ್ಟಿದ ದಿನಾಂಕ ಕೇಳುವ ಫಾರ್ಮ್ ಒಂದನ್ನು ನಾನೇ ಕಂಡಿದ್ದೇನೆ, ಅದರಿಂದ ಏನು ಪ್ರಯೋಜನವೋ ದೇವರೇ ಬಲ್ಲ. ವಾರಕ್ಕೊಮ್ಮೆ ಬೇರೆಯವರ ಫೋನಿನಿಂದ ಫಾರ್ಮ್ ತುಂಬಿ ಪರೀಕ್ಷಿಸಿ. ಜಾಲತಾಣದ ವಿಳಾಸ ಕಾಣುವ ಮೇಲಿನ ಪಟ್ಟಿಯಲ್ಲಿ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತಿದೆಯೇ ಎಂಬುದನ್ನೂ ಆಗಲೇ ಗಮನಿಸಿ. ಹಾಗೆ ತೋರಿಸುತ್ತಿದ್ದರೆ ಎಚ್‌ಟಿಟಿಪಿಎಸ್‌ಗೆ (ಸುರಕ್ಷಿತ ಸಂಪರ್ಕಕ್ಕೆ) ಬೇಕಾದ ಪ್ರಮಾಣಪತ್ರ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸೇವೆಯಿಂದ ಉಚಿತವಾಗಿಯೇ ದೊರೆಯುತ್ತದೆ.

ಪ್ರಶ್ನೆ: ಸಂಪರ್ಕ ಪುಟ ಕನ್ನಡದಲ್ಲಿರಬೇಕೇ, ಮಲಯಾಳದಲ್ಲಿಯೇ, ಇಂಗ್ಲಿಷಿನಲ್ಲಿಯೇ?
– ಓದುಗರು, ಮುಳ್ಳೇರಿಯ

ಉತ್ತರ: ಮೂರರಲ್ಲಿಯೂ ಇರಲಿ, ಒಂದೇ ಪುಟದಲ್ಲಿ ಹಿಡಿಯುವಷ್ಟೇ ವಿಷಯವದು. ಫೋನಿನಲ್ಲಿ ಯಾವ ಯಾವ ಭಾಷೆಗಳಲ್ಲಿ ಮಾತನಾಡುತ್ತೀರಿ ಎಂಬುದನ್ನೂ ಬರೆಯಿರಿ. ತುಳು, ಕೊಂಕಣಿ, ಮರಾಠಿ ಬರುವವರಿದ್ದರೆ ಸಪ್ತಭಾಷೆಗಳ ಈ ಊರಿನಲ್ಲಿ ಅದನ್ನು ಹೇಳಿಕೊಳ್ಳಲು ಸಂಕೋಚವೇಕೆ? ಎಚ್ಚರ ಬೇಕಾದದ್ದು ಊರ ಹೆಸರಿನಲ್ಲಿ. ಕುಂಬಳೆ ಮಲಯಾಳದಲ್ಲಿ ಕುಂಬಳ ಆಗುತ್ತದೆ, ಕಾಸರಗೋಡನ್ನು ಇಂಗ್ಲಿಷಿನಲ್ಲಿ ‘ರ’ಕಾರದ ನಂತರ ಒಂದು ಸ್ವರ ಸೇರಿಸಿಯೂ ಸೇರಿಸದೆಯೂ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತವನ್ನು ಆಯ್ದುಕೊಂಡು, ಜಾಲತಾಣ, ಗೂಗಲ್ ನಕ್ಷೆ, ಬಿಲ್ಲು, ಲೇಬಲ್ ಎಲ್ಲೆಡೆ ಅದನ್ನೇ ಬಳಸಿ. ಫೋನ್ ಸಂಖ್ಯೆ ಬದಲಾದ ದಿನ ಈ ನಾಲ್ಕೂ ಕಡೆ ಒಟ್ಟಿಗೇ ಬದಲಿಸಿ.