ಕಪ್ ಇದೆ, ಕೆಲಸ ಕಾಣುತ್ತಿಲ್ಲ: ಕಾಫಿ ಲೇಖನ ಕಳಿಸಿದವರಿಗೆ ಉತ್ತರ

ಪ್ರಿಯ ಲೇಖಕರೇ,

ಸ್ಪೆಷಾಲಿಟಿ ಎಂಬ ಉತ್ತಮ ದರ್ಜೆಯ ಕಾಫಿ, ಅದರ ಕೆಫೆಗಳು ಮತ್ತು ಅಲ್ಲಿನ ಜನರ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆವು. ಕೆಫೆಗಳಲ್ಲಿ ಗಂಟೆಗಟ್ಟಲೆ ಕೂತು, ಜನರನ್ನು ಮಾತನಾಡಿಸಿ ಬರೆದಿದ್ದೀರಿ. ಆ ಶ್ರಮ ಕಾಣುತ್ತದೆ, ಗದ್ಯವೂ ಸರಾಗವಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ.

ಮೊದಲ ಮೂರು ಪುಟ ಮರದ ಮೇಜು, ಹಳದಿ ಬೆಳಕು, ಗೋಡೆಯ ಚಿತ್ರ, ಮೆಲುದನಿಯ ಸಂಗೀತಕ್ಕೇ ಹೋಗಿವೆ. ಇದೇ ಸಾಲುಗಳನ್ನು ಒಂದು ಪುಸ್ತಕದಂಗಡಿಯ ಬಗ್ಗೆಯೂ ಬರೆಯಬಹುದಿತ್ತು. ಈ ಕಾಫಿಯನ್ನು ಉಳಿದ ಕಾಫಿಯಿಂದ ಬೇರೆ ಮಾಡುವುದು ಅದರ ಹಿಂದಿನ ಕೆಲಸ. ಕಪ್ಪಿನಲ್ಲಿ ಸಿಗುವ ಪ್ರತಿ ರುಚಿಯ ಹಿಂದೆ ಯಾರೋ ಒಬ್ಬರ ನಿರ್ಧಾರ ಇರುತ್ತದೆ. ನಿಮ್ಮ ಲೇಖನದಲ್ಲಿ ಆ ನಿರ್ಧಾರಗಳು ಎಲ್ಲೂ ಬರುವುದಿಲ್ಲ. ಹಾಗಾಗಿ ನೀವು ಭೇಟಿ ಮಾಡಿದ ಜನರೆಲ್ಲ ಬರೀ ನಗುಮುಖಗಳಾಗಿ ಉಳಿದುಬಿಟ್ಟಿದ್ದಾರೆ.

ನಾಲ್ಕನೇ ಪುಟದ ವಾಕ್ಯವನ್ನೇ ನೋಡಿ: 'ಆ ಯುವಕ ಕಾಫಿಯ ಮೇಲಿನ ಪ್ರೀತಿಯನ್ನೆಲ್ಲ ಸುರಿದು ನನಗೊಂದು ಎಸ್ಪ್ರೆಸೊ ಮಾಡಿಕೊಟ್ಟ.' ಪ್ರೀತಿ ಇದ್ದೀತು, ಆದರೆ ಓದುಗರಿಗೆ ಅದು ಕಾಣಬೇಕಾದದ್ದು ಅವನ ಕೈಗಳಲ್ಲಿ. ಕೆಫೆಯ ಬಾಗಿಲು ತೆರೆಯುವ ಮೊದಲೇ ಬರಿಸ್ತಾ, ಅಂದರೆ ಕಾಫಿ ಮಾಡುವವನು, ಆ ದಿನದ ಗ್ರೈಂಡರ್ ಹೊಂದಿಸುತ್ತಾನೆ. ಯಂತ್ರಕ್ಕೆ ಸಿಕ್ಕಿಸುವ ಹಿಡಿಯುಳ್ಳ ಪೋರ್ಟಾಫಿಲ್ಟರ್‌ನ ಬುಟ್ಟಿಗೆ 18 ಗ್ರಾಂ ಪುಡಿ ತೂಗಿ ಹಾಕಿ, ಸಮನಾಗಿ ಹರಡಿ, ಟ್ಯಾಂಪರ್‌ನಿಂದ ನೇರವಾಗಿ ಒತ್ತುತ್ತಾನೆ. ಕಪ್ಪನ್ನು ತಕ್ಕಡಿಯ ಮೇಲಿಟ್ಟು ಗಡಿಯಾರ ಚಾಲೂ ಮಾಡುತ್ತಾನೆ. ಸುಮಾರು 93 ಡಿಗ್ರಿ ಸೆಲ್ಸಿಯಸ್‌ನ ನೀರು 9 ಬಾರ್ ಒತ್ತಡದಲ್ಲಿ ಪುಡಿಯೊಳಗೆ ಇಳಿದು, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಎಸ್ಪ್ರೆಸೊ ಬೀಳಬೇಕು. ಅವನು ಶುರುಮಾಡುವ ಅಳತೆ ಸಾಮಾನ್ಯವಾಗಿ ಇದು. 17 ಸೆಕೆಂಡಿಗೇ ಅಷ್ಟೂ ಬಿದ್ದರೆ ಪುಡಿ ದಪ್ಪವಾಗಿದೆ, ಸಾರ ಬಿಡುವ ಮೊದಲೇ ನೀರು ಹರಿದುಹೋಗಿದೆ ಎಂದರ್ಥ. ಆಗ ಬಾಯಿಗೆ ಚುಚ್ಚುವ ಹುಳಿ ಬರುತ್ತದೆ, ಕಾಫಿಯೂ ತೆಳುವಾಗುತ್ತದೆ. 45 ಸೆಕೆಂಡಿಗೆ ಎಳೆದರೆ ಪುಡಿ ತೀರಾ ನುಣ್ಣಗಾಗಿದೆ, ಕಹಿಯ ಜೊತೆಗೆ ನಾಲಗೆ ಒಣಗಿಸುವ ಒಗರು ಬರುತ್ತದೆ. ಗ್ರೈಂಡರ್‌ನ ಹಂತ ಬದಲಿಸಿದ ಮೇಲೂ ಅದರೊಳಗೆ ಕೆಲವು ಗ್ರಾಂ ಹಳೆಯ ಪುಡಿ ಉಳಿದಿರುತ್ತದೆ. ಅದನ್ನು ಹೊರಹಾಕದೆ ತೆಗೆದ ಶಾಟ್ (ಒಂದು ಸಲದ ಎಸ್ಪ್ರೆಸೊ) ನಂಬಿ ಮತ್ತೆ ಹಂತ ಬದಲಿಸಿದರೆ ಬೆಳಗ್ಗೆಯೆಲ್ಲ ಅಲ್ಲೇ ಸುತ್ತುತ್ತಿರಬೇಕಾಗುತ್ತದೆ.

ಇನ್ನೂ ಒಂದು ತೊಂದರೆ ಇದೆ, ಹೊಸಬರು ಹೆಚ್ಚು ತಡಕಾಡುವುದು ಇಲ್ಲೇ. ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಜೊತೆಯಾಗಿ ಬರುತ್ತವೆ. ಪುಡಿ ಒಂದು ಕಡೆ ಸಡಿಲವಾಗಿದ್ದರೆ, ಅಥವಾ ಟ್ಯಾಂಪರ್ ಓರೆಯಾಗಿದ್ದರೆ, ನೀರು ಆ ದುರ್ಬಲ ಜಾಗವನ್ನೇ ಕೊರೆದುಕೊಂಡು ನುಗ್ಗುತ್ತದೆ. ಅಲ್ಲಿನ ಪುಡಿಯಿಂದ ಬೇಡದ್ದೂ ಇಳಿಯುತ್ತದೆ, ಉಳಿದ ಪುಡಿಯಿಂದ ಬೇಕಾದದ್ದೂ ಇಳಿಯುವುದಿಲ್ಲ. ತಳ ತೆರೆದ ಪೋರ್ಟಾಫಿಲ್ಟರ್ ಇದ್ದರೆ ಕಾಫಿ ಸಣ್ಣ ಪಿಚಕಾರಿಯಂತೆ ಪಕ್ಕಕ್ಕೆ ಚಿಮ್ಮುವುದನ್ನು ಕಣ್ಣಾರೆ ನೋಡಬಹುದು. ಇದಕ್ಕೆ ಮದ್ದು ಗ್ರೈಂಡರ್‌ನಲ್ಲಿಲ್ಲ, ಹರಡುವ ಕೈಯಲ್ಲಿದೆ.

ಇದೆಲ್ಲವನ್ನೂ ಲೇಖನಕ್ಕೆ ತುಂಬಿ ಎಂದು ಹೇಳುತ್ತಿಲ್ಲ. ಬರಿಸ್ತಾ ಒಂದು ಶಾಟ್ ಚೆಲ್ಲುವ ಕ್ಷಣಕ್ಕೆ ಕಾಯಿರಿ. 'ಯಾಕೆ ಚೆಲ್ಲಿದಿರಿ?' ಎಂದು ಕೇಳಿ. ಆ ಉತ್ತರ ನಿಮ್ಮ ಮೂರು ಪುಟಗಳ ಬೆಳಕಿಗಿಂತ ಹೆಚ್ಚು ಹೇಳುತ್ತದೆ.

ಇನ್ನು ತಪ್ಪುಗಳು. ಎಣ್ಣೆ ಮಿನುಗುವ ಬೀಜ ತಾಜಾತನದ ಗುರುತು ಎಂದಿದ್ದೀರಿ. ಕಡುವಾಗಿ ಹುರಿದಾಗ ಬೀಜದ ರಚನೆ ಸಡಿಲಗೊಂಡು ಒಳಗಿನ ಎಣ್ಣೆ ಮೇಲೆ ಬರುತ್ತದೆ, ಗಾಳಿಗೆ ಸಿಕ್ಕಿ ಬೇಗ ಕಮಟುತ್ತದೆ. ಅದು ಹುರಿದ ಮಟ್ಟದ ಗುರುತೇ ಹೊರತು ತಾಜಾತನದ್ದಲ್ಲ. ಹುರಿದ ದಿನವೇ ಕುಡಿದರೆ ಅತ್ಯುತ್ತಮ ಎಂಬುದೂ ಸರಿಯಲ್ಲ. ಹೊಸದಾಗಿ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಅದು ನೀರನ್ನು ಪುಡಿಯೊಳಗೆ ಬಿಡದೆ ತಳ್ಳುತ್ತದೆ. ಎಸ್ಪ್ರೆಸೊಗೆ ಬೀಜವನ್ನು ವಾರವೋ ಹೆಚ್ಚೋ ಸುಮ್ಮನಿಡುವುದು, ಬಿಸಿನೀರನ್ನು ಕೈಯಿಂದ ಸುರಿದು ಸೋಸುವ ಪೋರ್‌ಓವರ್‌ನಲ್ಲಿ 15 ಗ್ರಾಂ ಪುಡಿಗೆ ಮೊದಲು 40 ಗ್ರಾಂನಷ್ಟು ನೀರು ಹಾಕಿ ಅರ್ಧ ನಿಮಿಷ ಕಾಯುವುದು, ಎರಡೂ ಈ ಅನಿಲ ಹೊರಹೋಗಲಿ ಎಂದೇ. ಗೇಶಾ ಎಂಬ ಕಾಫಿ, ನೀವು ಬರೆದಂತೆ, ಜಪಾನಿನ ತಳಿಯೂ ಅಲ್ಲ. ಅದು ಇಥಿಯೋಪಿಯಾದ್ದು. 1930ರ ದಶಕದಲ್ಲಿ ಅಲ್ಲಿ ಸಂಗ್ರಹಿಸಿದ ಬೀಜ ಟಾಂಜಾನಿಯಾ, ಕೋಸ್ಟರಿಕಾಗಳ ದಾರಿಯಲ್ಲಿ ಪನಾಮಾ ಸೇರಿತು. 2004ರಲ್ಲಿ ಅಲ್ಲಿನ ಬೊಕೆಟೆಯ ಲಾ ಎಸ್ಮೆರಾಲ್ಡಾ ತೋಟದವರು ಅದನ್ನು ಬೆಸ್ಟ್ ಆಫ್ ಪನಾಮಾ ಸ್ಪರ್ಧೆಗೆ ಒಯ್ದು ಗೆದ್ದ ಮೇಲೆ ಜಗತ್ತು ತಿರುಗಿ ನೋಡಿತು.

'ಅರೇಬಿಕಾ ಎಂದರೆ ಸ್ಪೆಷಾಲಿಟಿ' ಎಂಬ ಸಾಲನ್ನೂ ತೆಗೆಯಿರಿ, ಅರೇಬಿಕಾದಲ್ಲೂ ಕಳಪೆ ಬೇಕಾದಷ್ಟಿದೆ. ಬಹುಕಾಲ ನಡೆದುಬಂದ ಮಾಪನದಲ್ಲಿ ನೂರಕ್ಕೆ 80 ಅಥವಾ ಹೆಚ್ಚು ಅಂಕ ಬಂದರೆ ಮಾತ್ರ ಆ ಹೆಸರು. ಇದು ಹತ್ತು ವರ್ಷದ ಹೊಸ ಗೀಳು ಎಂದೂ ಬರೆದಿದ್ದೀರಿ. ಎರ್ನಾ ಕ್ನುಟ್ಸನ್ 1974ರಲ್ಲೇ ಒಂದು ಕಾಫಿ-ಚಹಾ ವ್ಯಾಪಾರ ಪತ್ರಿಕೆಯಲ್ಲಿ ಈ ಹೆಸರು ಬಳಸಿದ್ದರು. ಕಾಫಿ ಆಮದು ಸಂಸ್ಥೆಯೊಂದಕ್ಕೆ ಕಾರ್ಯದರ್ಶಿಯಾಗಿ ಸೇರಿ, ಕಾಫಿಯ ರುಚಿ ನೋಡಿ ಅಳೆಯುವ ಕಪ್ಪಿಂಗ್ ಕಲಿತು, ದೊಡ್ಡ ವ್ಯಾಪಾರಿಗಳು ಕಡೆಗಣಿಸುತ್ತಿದ್ದ ಸಣ್ಣ ಸಣ್ಣ ಲಾಟ್‌ಗಳಿಗೆ ಕೊಳ್ಳುವವರನ್ನು ಹುಡುಕಿಕೊಟ್ಟವರು ಅವರು. ಕಾಫಿಯ ಹಿಂದಿನ ಜನರ ಬಗ್ಗೆ ಬರೆಯುವವರು ಇವರನ್ನು ಬಿಡಬಾರದು.

ಕಪ್ಪಿಂಗ್ ಅನ್ನು ನೀವು 'ರುಚಿಯ ಹಬ್ಬ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನದ ನಡುಭಾಗ ಅದೇ ಆಗಬೇಕು. ಪ್ರತಿ ಮಾದರಿಗೆ ಐದು ಬಟ್ಟಲು. 150 ಮಿಲಿ ನೀರಿನ ಲೆಕ್ಕಕ್ಕೆ 8.25 ಗ್ರಾಂ ಪುಡಿ, ಪ್ರತಿ ಬಟ್ಟಲಿನ ಬೀಜವನ್ನು ಬೇರೆಬೇರೆಯಾಗಿಯೇ ಪುಡಿ ಮಾಡಬೇಕು. ಸುಮಾರು 93 ಡಿಗ್ರಿಯ ನೀರು ಸುರಿದು ನಾಲ್ಕು ನಿಮಿಷ ಬಿಟ್ಟರೆ ಮೇಲೆ ಪುಡಿಯ ಕೆನೆ ಕಟ್ಟುತ್ತದೆ. ಮೂಗನ್ನು ಬಟ್ಟಲಿನ ಅಂಚಿಗೆ ತಂದು ಚಮಚದ ಬೆನ್ನಿನಿಂದ ಆ ಕೆನೆಯನ್ನು ಒಡೆಯುತ್ತಾರೆ. ಪರಿಮಳ ಒಮ್ಮೆಲೇ ಏಳುವುದು ಆಗಲೇ. ತೇಲುವುದನ್ನು ತೆಗೆದು, ಆರಿದ ಮೇಲೆ ಚಮಚದಿಂದ ಜೋರಾಗಿ ಹೀರುತ್ತಾರೆ, ಪೂರ್ತಿ ತಣ್ಣಗಾಗುವವರೆಗೂ ಮರಳಿ ಮರಳಿ ನೋಡುತ್ತಾರೆ. ಬಿಸಿಯಲ್ಲಿ ಅಡಗಿದ ದೋಷ ತಣ್ಣಗಾದಾಗ ಹೊರಬೀಳುತ್ತದೆ.

ಐದು ಬಟ್ಟಲು ಯಾಕೆ? ಒಂದು ಕೆಟ್ಟ ಬೀಜ ಒಂದೇ ಬಟ್ಟಲನ್ನು ಕೆಡಿಸುತ್ತದೆ. ರುವಾಂಡಾ, ಬುರುಂಡಿಗಳ ಕಾಫಿಯಲ್ಲಿ ಒಮ್ಮೊಮ್ಮೆ ನಾಲ್ಕು ಬಟ್ಟಲು ಸೊಗಸಾಗಿದ್ದು, ಐದನೆಯದು ಹಸಿ ಆಲೂಗಡ್ಡೆ ನಾರುತ್ತದೆ. ಹಣ್ಣನ್ನು ಚುಚ್ಚುವ ಆಂಟೆಸ್ಟಿಯಾ ಎಂಬ ತಿಗಣೆ ಜಾತಿಯ ಕೀಟದೊಂದಿಗೆ ಈ ದೋಷಕ್ಕೆ ನಂಟಿದೆ. ಮತ್ತೆ ಕೆಲವೊಮ್ಮೆ ಹುರಿದ ಬೀಜಗಳ ನಡುವೆ ಒಂದೆರಡು ಮಾತ್ರ ಪೇಲವ ಬಣ್ಣಕ್ಕೆ ನಿಂತಿರುತ್ತವೆ. ಬೀಜ ಹುರಿಯುವ ರೋಸ್ಟರ್‌ಗಳು ಅವನ್ನು ಕ್ವೇಕರ್ ಎನ್ನುತ್ತಾರೆ. ಮಾಗದ ಹಣ್ಣಿನ ಬೀಜದಲ್ಲಿ ಸಕ್ಕರೆ ಸಾಲದೆ ಹುರಿದರೂ ಅದು ಕಂದಾಗುವುದಿಲ್ಲ, ಕಪ್ಪಿನಲ್ಲಿ ಒಣ ಕಾಗದದಂಥ ರುಚಿ ಬಿಡುತ್ತದೆ. ಎಲ್ಲೋ ದೂರದ ತೋಟದಲ್ಲಿ ಒಂದು ಕೈ ಹಸಿರು ಹಣ್ಣನ್ನೂ ಬುಟ್ಟಿಗೆ ಹಾಕಿದ್ದು ಇಲ್ಲಿ ಗೊತ್ತಾಗುತ್ತದೆ.

ಆ ಕೈಗಳು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ, ನಮಗೆ ಬೇಸರವಾದದ್ದು ಹೆಚ್ಚಾಗಿ ಇದಕ್ಕೇ. ಒಂದೇ ರೆಂಬೆಯ ಹಣ್ಣುಗಳು ಒಟ್ಟಿಗೆ ಮಾಗುವುದಿಲ್ಲ. ಒಳ್ಳೆಯ ಲಾಟ್ ಬೇಕಾದರೆ ಅದೇ ಗಿಡಕ್ಕೆ ಹಲವು ಸಲ ಹೋಗಿ ಮಾಗಿದ್ದನ್ನಷ್ಟೇ ಕೀಳಬೇಕು. ಒಂದು ಕಿಲೋ ಹಸಿ ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು, ಹುರಿಯುವಾಗ ಅದರಲ್ಲೂ ಸುಮಾರು ಆರನೇ ಒಂದು ಭಾಗ ತೂಕ ಹೋಗುತ್ತದೆ. ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಆರಿಸಿ ಕೀಳುವುದೆಂದರೆ ಬುಟ್ಟಿ ನಿಧಾನವಾಗಿ ತುಂಬುವುದು. ಆ ನಿಧಾನಕ್ಕೆ ಹೆಚ್ಚಿನ ಕೂಲಿ ಸಿಕ್ಕಿತೇ ಎಂಬ ಪ್ರಶ್ನೆಯನ್ನು ಕೇಳದೆ ಯಾವ ಕೆಫೆಯನ್ನೂ ಹೊಗಳಬೇಡಿ. ಇಡೀ ಹಣ್ಣನ್ನೇ ಒಣಗಿಸುವವರು ಅದನ್ನು ತೆಳ್ಳಗೆ ಹರಡಿ, ದಿನವಿಡೀ ತಿರುವಿ, ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿ, ವಾರಗಟ್ಟಲೆ ಕಾಯುತ್ತಾರೆ. ತೇವಾಂಶ ಶೇಕಡಾ 10ರಿಂದ 12ಕ್ಕೆ ಇಳಿಯಬೇಕು. ಅದಕ್ಕಿಂತ ಹೆಚ್ಚು ಉಳಿದರೆ ಬೂಷ್ಟು, ಒಂದೆಡೆ ದಪ್ಪಗೆ ಹರಡಿದರೆ ಕೊಳೆತ ವಾಸನೆ. ನೀವು 'ಬ್ಲೂಬೆರಿ ಫ್ಲೇವರ್ ಸೇರಿಸಿದ ಕಾಫಿ' ಎಂದು ಕರೆದದ್ದು ಹೀಗೆ ಒಣಗಿದ ಇಥಿಯೋಪಿಯಾದ ಕಾಫಿ. ಅದಕ್ಕೆ ಯಾರೂ ಏನನ್ನೂ ಸೇರಿಸಿಲ್ಲ.

ನೀರಿನ ಬಗ್ಗೆ ಒಂದು ಸಾಲಾದರೂ ಬೇಕು. ಬೈಕಾರ್ಬೊನೇಟ್ ಹೆಚ್ಚಿರುವ ನೀರು ಕಾಫಿಯ ಆಮ್ಲವನ್ನು ತಟಸ್ಥಗೊಳಿಸಿ, ಎಂಥ ಬೀಜವನ್ನೂ ಸಪ್ಪೆ ಮಾಡುತ್ತದೆ.

ಒಂದೇ ಕಾಫಿಯನ್ನು ಹಿಡಿದುಕೊಂಡು ಲೇಖನವನ್ನು ಮತ್ತೆ ಬರೆಯಿರಿ. ಪೊಟ್ಟಣದ ಮೇಲೆ ತೋಟ, ತಳಿ, ಸಂಸ್ಕರಣೆ, ಹುರಿದ ದಿನಾಂಕ ಇರುವಂಥದ್ದನ್ನು ಆರಿಸಿ. ಬರಿಸ್ತಾನಿಂದ ರೋಸ್ಟರ್‌ಗೆ, ರೋಸ್ಟರ್‌ನಿಂದ ಹಸಿ ಬೀಜ ತಂದವರಿಗೆ, ಅವರಿಂದ ಬೆಳೆದವರಿಗೆ ಹೋಗಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ತಾಳೆ ನೋಡಿ. ಅಳತೆಗಳನ್ನು ನೆನಪಿನಿಂದ ಬರೆಯದೆ, ಅಲ್ಲೇ ನಿಂತು ಗುರುತು ಹಾಕಿಕೊಳ್ಳಿ. ದೀಪ, ಮೇಜುಗಳಿಗೆ ಎರಡು ಸಾಲು ಸಾಕು. ಹೊಸ ಪ್ರತಿ ಸಿದ್ಧವಾದಾಗ ನಮಗೇ ಮೊದಲು ಕಳಿಸಿ, ಓದಲು ಕಾಯುತ್ತಿರುತ್ತೇವೆ.

ಸಂಪಾದಕರು