ಹೊಸ ಫೋನಿಗೆ ಸ್ಕ್ರೀನ್ ಗಾರ್ಡ್ ಬೇಕೇ? ಅಂಗಡಿಯವರು ಹೇಳುವ ಯುವಿ ಗ್ಲಾಸ್ ಹಾಕಿಸಬಹುದೇ? ಮನೆಯಲ್ಲೇ ಅಂಟಿಸುವುದು ಹೇಗೆ?

ಮೂರಕ್ಕೂ ಮೊದಲು ನೇರ ಉತ್ತರ ಕೊಡುತ್ತೇನೆ. ಪರದೆ ಚಪ್ಪಟೆಯಾಗಿದ್ದರೆ ಸಾಮಾನ್ಯ ಟೆಂಪರ್ಡ್ ಗ್ಲಾಸ್ ಹಾಕಿ, ಅದನ್ನು ನೀವೇ ಹಾಕಿಕೊಳ್ಳಬಹುದು. ಅಂಚು ಬಾಗಿದ ಕರ್ವ್ಡ್ ಪರದೆಯಾದರೆ ಟಿಪಿಯು ಎಂಬ ಮೆತ್ತನೆಯ ಪ್ಲಾಸ್ಟಿಕ್ ಫಿಲ್ಮ್ ಸಾಕು. ದ್ರವದ ಅಂಟು ಸುರಿದು ಅದನ್ನು ಯುವಿ (ನೇರಳಾತೀತ) ದೀಪದಲ್ಲಿ ಗಟ್ಟಿ ಮಾಡಿ ಕೂರಿಸುವ ಗ್ಲಾಸ್ ಮಾತ್ರ ಬೇಡ.

ಗಾರ್ಡ್ ಮಾಡುವ ದೊಡ್ಡ ಕೆಲಸವೆಂದರೆ ಗೀರು ಬೀಳದಂತೆ ತಡೆಯುವುದು. ಕೀಲಿಕೈ, ನಾಣ್ಯಗಳಿಗೆ ಫೋನಿನ ಗಾಜು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಶತ್ರು ಮರಳು. ಮರಳಿನಲ್ಲಿರುವ ಕ್ವಾರ್ಟ್ಜ್ ಖನಿಜದ ಗಡಸುತನ, ಯಾವುದು ಯಾವುದನ್ನು ಗೀರಬಲ್ಲದು ಎಂದು ಅಳೆಯುವ ಮೋಸ್ ಮಾಪಕದಲ್ಲಿ 7, ಫೋನಿನ ಗಾಜಿನದು ಸಾಮಾನ್ಯವಾಗಿ 6ರ ಆಸುಪಾಸು. ಪ್ಯಾಂಟಿನ ಜೇಬಿನ ತಳದಲ್ಲಿ ಕೂತ ಒಂದು ಕಣ ಸಾಕು. ಗಾಜು ಹೆಚ್ಚಾಗಿ ಒಡೆಯುವುದು ಇಂಥ ಕಣ್ಣಿಗೆ ಕಾಣದ ಗೀರುಗಳಿಂದ. ಬಿದ್ದಾಗ ಗಾಜು ಬಾಗುತ್ತದೆ, ಮೊದಲೇ ಗೀರಿದ್ದ ಕಡೆ ಬಿರುಕು ಬಾಯಿ ಬಿಡುತ್ತದೆ. ಆದ್ದರಿಂದ ಮೊದಲ ದಿನವೇ ಗಾರ್ಡ್ ಹಾಕಿದರೆ ಲಾಭ ಹೆಚ್ಚು, ವರ್ಷದ ನಂತರ ಹಾಕಿದರೆ ಕಡಿಮೆ.

ಬೀಳುವ ಪೆಟ್ಟಿನ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ‘ಗಾರ್ಡ್ ಒಡೆಯಿತು, ಫೋನ್ ಉಳಿಯಿತು’ ಎನ್ನುವುದು ಪೂರ್ತಿ ಪುರಾವೆಯಲ್ಲ. ಗಾರ್ಡ್ ಸಾಮಾನ್ಯವಾಗಿ 0.33 ಮಿಲಿಮೀಟರ್ ದಪ್ಪದ ಗಾಜು. ಫೋನಿನ ಗಾಜಿಗೆ ಏನೂ ಆಗದಷ್ಟು ಸಣ್ಣ ಪೆಟ್ಟಿಗೂ ಅದು ಸೀಳಬಹುದು. ಚೂಪು ಕಲ್ಲಿನ ಮೇಲೆ ಮುಖಾಡೆ ಬಿದ್ದರೆ ಗಾರ್ಡ್ ನೆರವಾಗುತ್ತದೆ, ಮೂಲೆಯ ಮೇಲೆ ಬಿದ್ದರೆ ಅದರಿಂದ ಹೆಚ್ಚೇನೂ ಆಗದು. ಮೂಲೆಯನ್ನು ಕಾಯುವುದು ಪರದೆಗಿಂತ ತುಸು ಎತ್ತರದ ಅಂಚಿರುವ ಕವರ್.

ಪ್ಯಾಕೆಟ್ಟಿನ ಮೇಲಿನ 9ಎಚ್ ನೋಡಿ ಮೋಸಹೋಗಬೇಡಿ. ಅದು ಪೆನ್ಸಿಲ್ ಗಡಸುತನದ ಪರೀಕ್ಷೆಯ ಅಂಕ, ಮೋಸ್ ಮಾಪಕದ 9 ಅಲ್ಲ. 9ಎಚ್ ಪೆನ್ಸಿಲ್‌ಗೆ ಗೀರು ಬೀಳಲಿಲ್ಲ ಎಂದಷ್ಟೇ ಅರ್ಥ, ಮರಳು ಅದನ್ನೂ ಗೀರುತ್ತದೆ. 11ಡಿ, 21ಡಿ ಎಂಬುವಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ಕೊಳ್ಳುವಾಗ ನೋಡಬೇಕಾದ್ದು ಬೇರೆ. ಅಂಟು ಅಂಚಿಗಷ್ಟೇ ಇದೆಯೋ, ಪೂರ್ತಿ ಹರಡಿದೆಯೋ? ಅಂಚಿಗಷ್ಟೇ ಇದ್ದರೆ ಮಧ್ಯೆ ಗಾಳಿ ಉಳಿದು ಟಚ್ ಮಂದವಾಗುತ್ತದೆ, ಆದ್ದರಿಂದ ಫುಲ್ ಗ್ಲೂ ಕೇಳಿ. ಫೋನಿನ ಮಾಡೆಲ್ ಹೆಸರು ಅಕ್ಷರಕ್ಷರ ಹೊಂದಬೇಕು, ಪ್ರೊ ಮಾಡೆಲ್‌ನದು ಸಾದಾ ಮಾಡೆಲ್‌ಗೆ ಕೂರುವುದಿಲ್ಲ. ಗಾಜು ಪರದೆಯ ತುದಿಯವರೆಗೂ ಬಂದರೆ ಕವರ್ ಅದನ್ನು ಕೆಳಗಿನಿಂದ ಒತ್ತಿ ಎಬ್ಬಿಸುತ್ತದೆ, ಸುತ್ತ ಅರ್ಧ ಮಿಲಿಮೀಟರ್‌ನಷ್ಟು ಚಿಕ್ಕದಿರುವುದೇ ಒಳ್ಳೆಯದು. ಗ್ಯಾಲಕ್ಸಿ ಎಸ್24 ಅಲ್ಟ್ರಾದಂತೆ ಪ್ರತಿಫಲನ ತಡೆಯುವ ಗಾಜಿರುವ ಫೋನಿಗೆ ಸಾದಾ ಗ್ಲಾಸ್ ಹಾಕಿದರೆ ಆ ಗುಣ ಮುಚ್ಚಿಹೋಗುತ್ತದೆ. ದುಡ್ಡು ಕೊಟ್ಟು ಪಡೆದದ್ದನ್ನು ಮುಚ್ಚಿಡುವ ಮುನ್ನ ಯೋಚಿಸಿ.

ಈಗ ಯುವಿ ಗ್ಲಾಸ್. ಪರದೆಗೂ ಗಾಜಿಗೂ ನಡುವೆ ಗಾಳಿ ಉಳಿಯದಂತೆ ಮಾಡಲು ದ್ರವದ ಅಂಟು ಬಳಸುತ್ತಾರೆ. ಬಾಗಿದ ಪರದೆಗೂ, ಶಬ್ದದ ಅಲೆಗಳಿಂದ ಬೆರಳನ್ನು ಓದುವ ಅಲ್ಟ್ರಾಸಾನಿಕ್ ಬೆರಳಚ್ಚು ಸೆನ್ಸರ್‌ಗೂ ಅದು ಚೆನ್ನಾಗಿ ಹೊಂದುತ್ತದೆ, ಅದನ್ನು ಒಪ್ಪಬೇಕು. ಆದರೆ ಆ ದ್ರವ ಸುರಿದಲ್ಲೇ ನಿಲ್ಲುವುದಿಲ್ಲ. ಕೂದಲೆಳೆಯಷ್ಟು ಸಂದಿ ಸಿಕ್ಕರೂ ಸಾಕು, ಒಳಕ್ಕೆ ಎಳೆದುಕೊಳ್ಳುತ್ತದೆ. ಪರದೆಯ ಮೇಲಂಚಿನ ಇಯರ್ ಸ್ಪೀಕರ್ ಸೀಳು, ಪವರ್ ಮತ್ತು ವಾಲ್ಯೂಮ್ ಬಟನ್, ಮೈಕ್ ತೂತು, ಚಾರ್ಜಿಂಗ್ ಪೋರ್ಟ್, ಸಿಮ್ ಟ್ರೇ, ಎಲ್ಲವೂ ಅದಕ್ಕೆ ದಾರಿಯೇ. ದೀಪದ ಬೆಳಕು ತಲುಪಿದಲ್ಲಿ ಅಂಟು ಗಟ್ಟಿಯಾಗುತ್ತದೆ, ಬಟನ್ ಆಡುವುದೇ ನಿಂತುಹೋಗುತ್ತದೆ. ಬೆಳಕು ತಲುಪದ ಒಳಭಾಗದಲ್ಲಿ ದ್ರವವಾಗಿಯೇ ಉಳಿದು ದಿನಗಳ ನಂತರವೂ ಹರಿದಾಡುತ್ತದೆ. ಆಮೇಲೆ ಕರೆಯಲ್ಲಿ ಎದುರಿನವರ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸತೊಡಗುತ್ತದೆ. ಕೆಲವು ಫೋನುಗಳ ಹಿಂಬದಿ ಪ್ಯಾನೆಲ್ ಕೂಡ ಎದ್ದುಬರುತ್ತದೆ. ಶಿಯೋಮಿಯಂಥ ಕಂಪನಿಗಳು ಇದರ ಬಗ್ಗೆ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿವೆ, ಇಂಥ ಹಾನಿಗೆ ವಾರಂಟಿ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಈಗಾಗಲೇ ಹಾಕಿಸಿ ಅಂಟು ಒಳಹೋಗಿದ್ದರೆ ಪಿನ್ನಿನಿಂದ ಕೆದಕಬೇಡಿ, ಪಿನ್ನು ಸ್ಪೀಕರಿನ ಜಾಲರಿಯನ್ನೇ ಹರಿದುಹಾಕುತ್ತದೆ. ಸರ್ವಿಸ್ ಸೆಂಟರಿಗೆ ಕೊಂಡೊಯ್ಯಿರಿ.

ಅಂಟಿಸುವ ಕೆಲಸಕ್ಕೆ ಬನ್ನಿ. ಇದರಲ್ಲಿ ಕೆಡುವುದು ಎರಡೇ: ಧೂಳು ಸೇರುವುದು, ಗಾಜು ಓರೆಯಾಗುವುದು. ವಾಹನ ಓಡಾಡುವ ರಸ್ತೆಯ ಬದಿಯ ತೆರೆದ ಅಂಗಡಿಗಿಂತ ನಿಮ್ಮ ಮನೆಯೇ ಇದಕ್ಕೆ ಒಳ್ಳೆಯ ಜಾಗ. ಫ್ಯಾನ್ ಆರಿಸಿ ಹತ್ತು ನಿಮಿಷ ಬಿಡಿ. ಹಾಸಿಗೆಯ ಮೇಲೆ ಕೂತು ಮಾಡಬೇಡಿ, ಬಟ್ಟೆಯ ನವಿರು ಎಳೆಗಳೇ ದೊಡ್ಡ ಕಾಟ. ಧೂಳು ಕೆಳಗೆ ಕೂರುವಂತೆ ಬಿಸಿನೀರು ಬಿಟ್ಟು, ಹಬೆ ಪೂರ್ತಿ ಇಳಿದ ಬಚ್ಚಲುಮನೆ ಚೆನ್ನಾಗಿರುತ್ತದೆ, ಹಬೆ ಇದ್ದಾಗಲೇ ಮಾಡಿದರೆ ತೇವ ಅಂಟಿನಡಿ ಸಿಕ್ಕಿಬೀಳುತ್ತದೆ. ತಲೆಗೆ ಎಣ್ಣೆ ಹಚ್ಚಿದ ಕೈಯಾದರೆ ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ.

ರೆಡ್ಮಿ, ರಿಯಲ್‌ಮಿ, ವಿವೋದ ಅನೇಕ ಫೋನುಗಳಿಗೆ ಕಾರ್ಖಾನೆಯಲ್ಲೇ ತೆಳು ಫಿಲ್ಮ್ ಹಾಕಿರುತ್ತಾರೆ. ಅದರ ಮೇಲೆ ಗ್ಲಾಸ್ ಸರಿಯಾಗಿ ಕೂರುವುದಿಲ್ಲ, ಮೂಲೆಯಿಂದ ಉಗುರಲ್ಲಿ ಎಬ್ಬಿಸಿ ತೆಗೆಯಿರಿ. ಮಡಚುವ ಫೋನಿನ ಒಳಪರದೆಗೆ ಮಾತ್ರ ಈ ಮಾತು ಎಂದೂ ಅನ್ವಯಿಸದು. ಅಲ್ಲಿನ ಪದರ ಪರದೆಯದೇ ಭಾಗ. 2019ರ ಏಪ್ರಿಲ್‌ನಲ್ಲಿ ಮೊದಲ ಗ್ಯಾಲಕ್ಸಿ ಫೋಲ್ಡ್ ಪರೀಕ್ಷಿಸುತ್ತಿದ್ದ ಕೆಲವು ಪತ್ರಕರ್ತರು ಅದನ್ನು ಗಾರ್ಡ್ ಎಂದುಕೊಂಡು ಕಿತ್ತಾಗ ಪರದೆಯೇ ಕೆಟ್ಟಿತ್ತು.

ಫೋನ್ ಆಫ್ ಮಾಡಿ, ಕಪ್ಪು ಪರದೆಯಲ್ಲಿ ಧೂಳು ಎದ್ದು ಕಾಣುತ್ತದೆ. ಗ್ಲಾಸಿನ ಹಿಂದಿನ ಹಾಳೆ ಬಿಚ್ಚದೆಯೇ ಅದನ್ನು ಪರದೆಯ ಮೇಲಿಟ್ಟು ಕ್ಯಾಮೆರಾ ತೂತು, ಸ್ಪೀಕರ್ ಸೀಳು, ನಾಲ್ಕೂ ಅಂಚು ಹೊಂದಿಸಿ. ಹೊಂದಿದ ಮೇಲೆ ಒಂದೇ ಪಕ್ಕದಲ್ಲಿ ಎರಡು ತುಂಡು ಸೆಲ್ಲೋಟೇಪ್ ಹಚ್ಚಿ ಗ್ಲಾಸನ್ನು ಫೋನಿಗೆ ಬಂಧಿಸಿ, ಅರ್ಧ ಗ್ಲಾಸಿನ ಮೇಲೆ, ಅರ್ಧ ಫೋನಿನ ಪಕ್ಕಕ್ಕೆ. ಈಗ ಅದು ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ, ಓರೆಯಾಗುವ ಭಯವಿಲ್ಲ. ಜೊತೆಗೆ ಪ್ಲಾಸ್ಟಿಕ್ ಚೌಕಟ್ಟು ಬಂದಿದ್ದರೆ ಟೇಪ್ ಬೇಡ.

ತೆರೆದಿಟ್ಟು ಮೊದಲು ಗ್ಲಾಸಿನ ಜೊತೆ ಬಂದ ಒದ್ದೆ ವೈಪ್‌ನಿಂದ ಪರದೆಯನ್ನು ಒರೆಸಿ. ಅದು ಇಲ್ಲದಿದ್ದರೆ 70 ಪ್ರತಿಶತ ಐಸೊಪ್ರೊಪಿಲ್ ಆಲ್ಕೋಹಾಲ್ ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಒರೆಸಬಹುದು, ಫೋನಿಗೆ ನೇರವಾಗಿ ಸಿಂಪಡಿಸಬೇಡಿ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಜಿಡ್ಡಾಗಿ ಉಳಿಯುತ್ತದೆ. ಪಂಚೆಯ ತುದಿ, ಕರವಸ್ತ್ರಗಳಿಂದ ಎಳೆ ಉದುರುತ್ತದೆ. ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದ ಮೇಲೆ ಧೂಳು ಹೀರುವ ಸ್ಟಿಕ್ಕರನ್ನು ಇಡೀ ಪರದೆಗೆ ಒತ್ತೊತ್ತಿ ತೆಗೆಯಿರಿ. ಟಾರ್ಚನ್ನು ಮಲಗಿಸಿದಂತೆ ಹಿಡಿದು ನೋಡಿ, ಎದುರಿನಿಂದ ಕಾಣದ ಕಣ ಆ ಓರೆ ಬೆಳಕಿನಲ್ಲಿ ಕಾಣುತ್ತದೆ. ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ.

ಆಮೇಲೆ ತಡಮಾಡದೆ ಹಿಂದಿನ ಹಾಳೆ ಬಿಚ್ಚಿ ಬಾಗಿಲು ಮುಚ್ಚಿದಂತೆ ಇಳಿಸಿ ಬಿಟ್ಟುಬಿಡಿ. ನಡುವೆ ಒಮ್ಮೆ ಬೆರಳಿನಿಂದ ಒತ್ತಿದರೆ ಅಂಟು ತಾನಾಗಿಯೇ ಹರಡಿಕೊಳ್ಳುತ್ತದೆ. ಉಳಿದ ಗುಳ್ಳೆಗಳನ್ನು ಬಟ್ಟೆ ಸುತ್ತಿದ ಹಳೇ ಎಟಿಎಂ ಕಾರ್ಡಿನಿಂದ ಅಂಚಿನತ್ತ ತಳ್ಳಿ. ಸಾಸಿವೆಯಷ್ಟು ಚಿಕ್ಕ ಗಾಳಿಗುಳ್ಳೆ ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ನಡುವೆ ಚುಕ್ಕಿ ಇರುವ ಗುಳ್ಳೆ ಹೋಗುವುದಿಲ್ಲ, ಅದು ಧೂಳು. ಹತ್ತಿರದ ಮೂಲೆಗೆ ಟೇಪ್ ಹಚ್ಚಿ ಗ್ಲಾಸನ್ನು ಬೇಕಾದಷ್ಟೇ ಎತ್ತಿ, ಇನ್ನೊಂದು ಟೇಪಿನ ಅಂಟು ಮುಖದಿಂದ ಆ ಕಣ ಎತ್ತಿ ಮತ್ತೆ ಇಳಿಸಿ. ಅಂಟನ್ನು ಬೆರಳಿನಿಂದ ಮುಟ್ಟಿದರೆ ಗುರುತು ಹಾಗೇ ಉಳಿಯುತ್ತದೆ. ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಕೆಲವರು ಎಣ್ಣೆ ಸವರಿ ಮರೆಮಾಡುತ್ತಾರೆ. ಅದು ಕೆಲಕಾಲದ ನೋಟ, ಆಮೇಲೆ ಅದೇ ಎಣ್ಣೆಗೆ ಧೂಳು ಕೂರುತ್ತದೆ.

ಬೆರಳಚ್ಚು ಸೆನ್ಸರ್ ಪರದೆಯೊಳಗಿದ್ದರೆ ಹಳೆಯ ಬೆರಳಚ್ಚುಗಳನ್ನು ಅಳಿಸಿ ಹೊಸದಾಗಿ ದಾಖಲಿಸಿ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲಿರುವ ಟಚ್ ಸೆನ್ಸಿಟಿವಿಟಿ ಆನ್ ಮಾಡಿ. ಅಲ್ಟ್ರಾಸಾನಿಕ್ ಸೆನ್ಸರಿಗೆ ದಪ್ಪ ಗಾಜು ಆಗಿಬರುವುದಿಲ್ಲ, ಪರದೆ ಚಪ್ಪಟೆಯಾಗಿದ್ದರೂ ಅದಕ್ಕೆ ಟಿಪಿಯು ಫಿಲ್ಮ್ ಉತ್ತಮ. ದಾಖಲಿಸಿದ ಮೇಲೆ ನಿಮ್ಮದಲ್ಲದ ಬೆರಳಿಟ್ಟು ತೆರೆಯುತ್ತದೆಯೇ ಎಂದು ಖಂಡಿತ ಪರೀಕ್ಷಿಸಿ. 2019ರ ಅಕ್ಟೋಬರ್‌ನಲ್ಲಿ ಗ್ಯಾಲಕ್ಸಿ ಎಸ್10 ಸೆನ್ಸರ್ ಪರದೆಯನ್ನೂ ಮುಚ್ಚುವ ಕೆಲವು ಸಿಲಿಕೋನ್ ಕವರುಗಳ ಒಳಮೈ ವಿನ್ಯಾಸವನ್ನೇ ಬೆರಳಚ್ಚು ಎಂದುಕೊಂಡು ಬೇರೆಯವರಿಗೂ ತೆರೆಯುತ್ತಿತ್ತು, ಸ್ಯಾಮ್‌ಸಂಗ್ ಸಾಫ್ಟ್‌ವೇರ್ ತಿದ್ದಬೇಕಾಯಿತು. ಒಂದು ಕರೆಯನ್ನೂ ಮಾಡಿ ನೋಡಿ: ಕಿವಿಯಿಂದ ದೂರ ಸರಿಸಿದಾಗಲೂ ಪರದೆ ಕಪ್ಪಾಗಿಯೇ ಇದ್ದರೆ ಗ್ಲಾಸಿನ ಕಪ್ಪು ಅಂಚು ಕಿವಿ ಹತ್ತಿರವಿದೆಯೇ ಎಂದು ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರನ್ನು ಮುಚ್ಚಿದೆ.

ಸೀಳಿದ ಗ್ಲಾಸನ್ನು ಹಾಗೇ ಬಳಸಬೇಡಿ, ಚೂರು ಬೆರಳಿಗೆ ಚುಚ್ಚುತ್ತದೆ, ಬಿರುಕಿನಲ್ಲಿ ಕೂತ ಮರಳು ಕೆಳಗಿನ ಪರದೆಯನ್ನೂ ಉಜ್ಜುತ್ತದೆ. ತೆಗೆಯುವ ಮುನ್ನ ಅದರ ಮೇಲೆಲ್ಲ ಅಗಲ ಟೇಪ್ ಹಚ್ಚಿ, ಚೂರುಗಳು ಚದುರುವುದಿಲ್ಲ. ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿಟ್ಟು ಅಂಚಿಗೆ ಹದಿನೈದು ಇಪ್ಪತ್ತು ಸೆಕೆಂಡು ಹಿಡಿದರೆ ಅಂಟು ಸಡಿಲವಾಗುತ್ತದೆ. ಬಿರುಕಿಲ್ಲದ ಮೂಲೆಯಲ್ಲಿ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ನಿಧಾನ ಮುಂದೆ ಸರಿಸಿ. ಬ್ಲೇಡು, ಚಾಕು ಹತ್ತಿರವೂ ತರಬೇಡಿ. ತೆಗೆದ ಚೂರುಗಳನ್ನು ಟೇಪಿನ ಸಮೇತ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಕಸಕ್ಕೆ ಹಾಕಿ, ಪೌರಕಾರ್ಮಿಕರ ಕೈಗೆ ಗಾಯವಾಗಬಾರದು.